ನ್ಯಾಸ್ ಪೆಟ್ಟಿಗೆಯ ಮೇಲೆ ಡೇಟಾಬೇಸ್ ಇಡಬಹುದಾ? ಶಿರಸಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಸಣ್ಣ ಅಡಿಕೆ ಸೊಸೈಟಿ. ಆಫೀಸಿನ ಕಂಪ್ಯೂಟರ್ ಕೆಲಸ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಸದಸ್ಯರ ಖಾತೆ, ಸಾಲ, ಟೆಂಡರ್ ಲೆಕ್ಕ ಎಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಉಬುಂಟು ಹಾಕಿದ ಹಳೇ ಪಿಸಿಯೊಂದರಲ್ಲಿ ಅದು ಓಡುತ್ತಿದೆ. ತೂಕದ ಚೀಟಿಯ ಸಾಫ್ಟ್‌ವೇರ್ ಬೇರೆ, ಅದರ ಡೇಟಾ ಒಂದೇ ಒಂದು ಎಸ್‌ಕ್ಯೂಲೈಟ್ ಫೈಲ್. ಕಳೆದ ವರ್ಷ ಎರಡು ಡಿಸ್ಕಿನ ನ್ಯಾಸ್ (ನೆಟ್‌ವರ್ಕ್‌ಗೆ ಸೇರಿಸಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ) ತಂದು ರೇಡ್ 1 (ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ) ಮಾಡಿದೆವು. ತೂಕದ ಫೈಲನ್ನು ಅದರ ಶೇರ್ ಫೋಲ್ಡರ್‌ನಲ್ಲಿಟ್ಟು ನಾಲ್ಕು ಕಂಪ್ಯೂಟರಿನಿಂದ ತೆರೆಯುತ್ತೇವೆ. ಈ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ 'ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್' ಅಂತ ಬರುತ್ತಿದೆ. ಪೋಸ್ಟ್‌ಗ್ರೆಸ್ ಡೇಟಾವನ್ನೂ ನ್ಯಾಸ್‌ಗೆ ಹಾಕೋಣ, ಪಿಸಿ ಕೆಟ್ಟರೆ ಇನ್ನೊಂದು ಪಿಸಿಯಿಂದ ಅದೇ ಫೋಲ್ಡರ್ ತೆರೆದು ಕೆಲಸ ಮುಂದುವರಿಸೋಣ ಅಂದುಕೊಂಡಿದ್ದೆವು. ಈಗ ಧೈರ್ಯ ಸಾಲುತ್ತಿಲ್ಲ. ಮಾಡಬಹುದಾ, ಬೇಡವಾ?

ಉತ್ತರ: ತೂಕದ ಫೈಲನ್ನು ಶೇರ್ ಫೋಲ್ಡರ್‌ನಿಂದ ಇವತ್ತೇ ಎತ್ತಿ. ಪೋಸ್ಟ್‌ಗ್ರೆಸ್ ಅನ್ನು ನ್ಯಾಸ್ ಮೇಲೆ ಇಡಬಹುದು, ಆದರೆ ಷರತ್ತುಗಳಿವೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಡುತ್ತಿರಲಿಲ್ಲ. ಡೇಟಾಬೇಸ್ ಪಿಸಿಯ ಒಳಗಿನ ಡಿಸ್ಕಿನಲ್ಲೇ ಇರಲಿ, ನ್ಯಾಸ್ ಬ್ಯಾಕಪ್‌ಗೆ ಇರಲಿ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಕೆಟ್ಟ ಫೈಲಿನ ವಿಚಾರ, ಯಾಕೆಂದರೆ ಅದು ಕಾಯುವುದಿಲ್ಲ.

ನಾಲ್ಕೂ ಕಂಪ್ಯೂಟರಿನಲ್ಲಿ ತೂಕದ ಸಾಫ್ಟ್‌ವೇರ್ ಮುಚ್ಚಿ. ಒಂದರಲ್ಲೂ ತೆರೆದಿರಬಾರದು. ಫೋಲ್ಡರ್‌ನಲ್ಲಿ ಡೇಟಾ ಫೈಲಿನ ಹೆಸರೇ ಇದ್ದು, ಕೊನೆಗೆ 'ಜರ್ನಲ್' ಅಥವಾ 'ವಾಲ್' ಅಂತ ಸೇರಿಸಿಕೊಂಡ ಇನ್ನೊಂದು ಫೈಲ್ ಕಾಣಿಸಬಹುದು. ಇದೇನೋ ಕಸ ಅಂತ ಅಳಿಸಿಬಿಡಬೇಡಿ. ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಮಾಡಿಕೊಳ್ಳಲು ಬೇಕಾದ ಮಾಹಿತಿ ಅದರಲ್ಲೇ ಇರುತ್ತದೆ. ಅದನ್ನು ಅಳಿಸಿದರೆ ಸ್ವಲ್ಪ ಕೆಟ್ಟಿದ್ದು ಪೂರ್ತಿ ಕೆಡುತ್ತದೆ. ಎಲ್ಲ ಫೈಲುಗಳನ್ನೂ ಒಟ್ಟಿಗೆ, ಹೆಸರು ಬದಲಿಸದೆ, ಒಂದು ಪಿಸಿಯ ಒಳಗಿನ ಡಿಸ್ಕಿಗೆ ನಕಲು ಮಾಡಿ. ಇನ್ನೊಂದು ನಕಲನ್ನು ಪೆನ್‌ಡ್ರೈವ್‌ಗೆ ಹಾಕಿ ಮುಟ್ಟದೆ ಇಡಿ. ಆಮೇಲೆ ಪಿಸಿಯಲ್ಲಿರುವ ನಕಲಿನ ಮೇಲೆ ಎಸ್‌ಕ್ಯೂಲೈಟ್‌ನ 'ಇಂಟೆಗ್ರಿಟಿ ಚೆಕ್' ಓಡಿಸಿ. ಬರೀ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಕೆಟ್ಟಿದ್ದರೆ 'ರೀಇಂಡೆಕ್ಸ್' ಮಾಡಿದರೆ ಮುಗಿಯಿತು. ಟೇಬಲ್ ಕೆಟ್ಟಿದ್ದರೆ ಎಸ್‌ಕ್ಯೂಲೈಟ್ ಶೆಲ್‌ನ 'ರಿಕವರ್' ಆದೇಶ ಸಿಕ್ಕಿದ್ದನ್ನೆಲ್ಲ ಹೆಕ್ಕಿ ಕೊಡುತ್ತದೆ, ಅದರಿಂದ ಹೊಸ ಫೈಲ್ ಕಟ್ಟಬಹುದು. ಹಾಗೆ ಹೆಕ್ಕಿದ್ದನ್ನು ಕಣ್ಣು ಮುಚ್ಚಿ ನಂಬಬೇಡಿ. ಕರೆಂಟು ಹೋದ ದಿನದ ಹಿಂದುಮುಂದಿನ ಚೀಟಿಗಳ ಕಾಗದದ ಪ್ರತಿ ನಿಮ್ಮಲ್ಲಿ ಇದ್ದೇ ಇರುತ್ತದೆ. ಚಾಲಿ ಎಷ್ಟು ಕ್ವಿಂಟಲ್, ರಾಶಿ ಎಷ್ಟು ಅಂತ ದಿನದ ಮೊತ್ತ ತಾಳೆ ನೋಡಿ. ಅಳಿಸಿದ್ದ ಚೀಟಿ ಮತ್ತೆ ಬಂದಿರಬಹುದು, ಇದ್ದದ್ದು ಹೋಗಿರಬಹುದು.

ಈಗ ಯಾಕೆ ಕೆಟ್ಟಿತು ಅಂತ ನೋಡೋಣ. ಎಸ್‌ಕ್ಯೂಲೈಟ್‌ಗೆ ಸರ್ವರ್ ಅಂತ ಇಲ್ಲ. ಯಾರು ತೆರೆಯುತ್ತಾರೋ ಅವರ ಪ್ರೋಗ್ರಾಮೇ ನೇರವಾಗಿ ಫೈಲಿಗೆ ಕೈ ಹಾಕುತ್ತದೆ. ಇಬ್ಬರು ಒಟ್ಟಿಗೆ ಬರೆಯದಂತೆ ತಡೆಯುವುದು ಫೈಲಿನ ಮೇಲಿನ ಬೀಗ ಮಾತ್ರ. ಒಂದೇ ಕಂಪ್ಯೂಟರಿನಲ್ಲಿ ಈ ಬೀಗವನ್ನು ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುತ್ತದೆ, ಗಟ್ಟಿಯಾಗಿರುತ್ತದೆ. ನೆಟ್‌ವರ್ಕ್ ಮೇಲೆ ಹೋದಾಗ ಬೀಗ ಹಾಕಿದ್ದು, ತೆಗೆದದ್ದು ಎಲ್ಲ ಕೇಬಲ್ ಮೇಲೆ ಓಡಾಡುವ ಮಾತಾಗುತ್ತದೆ. ಜೊತೆಗೆ ವಿಂಡೋಸ್ ಶೇರ್‌ನಲ್ಲಿ 'ಆಪ್‌ಲಾಕ್' ಅಂತ ಒಂದು ವ್ಯವಸ್ಥೆ ಇದೆ. ಫೈಲನ್ನು ನೀನೊಬ್ಬನೇ ತೆರೆದಿದ್ದೀಯ, ಹಾಗಾಗಿ ಬರೆದದ್ದನ್ನು ನಿನ್ನ ಹತ್ತಿರವೇ ಸ್ವಲ್ಪ ಹೊತ್ತು ಇಟ್ಟುಕೋ ಅಂತ ಕಂಪ್ಯೂಟರಿಗೆ ಅನುಮತಿ ಕೊಡುವುದು. ವರ್ಡ್ ಫೈಲಿಗೆ ಇದರಿಂದ ಲಾಭ. ಡೇಟಾಬೇಸ್ ಫೈಲಿಗೆ, ಅದರಲ್ಲೂ ಮಧ್ಯದಲ್ಲಿ ಕೇಬಲ್ ಅಥವಾ ಕರೆಂಟು ಕೈಕೊಟ್ಟಾಗ, ಇದೇ ಕುತ್ತು.

ನಿಮ್ಮ ಸಾಫ್ಟ್‌ವೇರ್‌ನವರು ವೇಗಕ್ಕಾಗಿ 'ವಾಲ್' ವಿಧಾನ (ಬದಲಾವಣೆಯನ್ನು ಮೊದಲು ಪಕ್ಕದ ಲಾಗ್ ಫೈಲಿಗೆ ಬರೆಯುವುದು) ಹಾಕಿದ್ದರೆ ಇನ್ನೂ ಕಷ್ಟ. ಆ ವಿಧಾನದಲ್ಲಿ ಫೈಲ್ ತೆರೆದ ಪ್ರೋಗ್ರಾಮ್‌ಗಳೆಲ್ಲ ಮೆಮೊರಿಯ ಒಂದು ತುಂಡನ್ನು ಹಂಚಿಕೊಳ್ಳುತ್ತವೆ. ಎರಡು ಬೇರೆ ಬೇರೆ ಕಂಪ್ಯೂಟರುಗಳ ರ‍್ಯಾಮ್ ಹಾಗೆ ಹಂಚಿಕೊಳ್ಳಲು ಆಗುವುದೇ ಇಲ್ಲ. ವಾಲ್ ನೆಟ್‌ವರ್ಕ್ ಫೈಲ್ ಸಿಸ್ಟಮ್ ಮೇಲೆ ನಡೆಯುವುದಿಲ್ಲ ಅಂತ ಎಸ್‌ಕ್ಯೂಲೈಟ್ ಮಾಡಿದವರೇ ಸ್ಪಷ್ಟವಾಗಿ ಬರೆದಿದ್ದಾರೆ. ಹಳೇ ಆಕ್ಸೆಸ್ ಮತ್ತು ಫಾಕ್ಸ್‌ಪ್ರೊ ಫೈಲುಗಳನ್ನು ಶೇರ್ ಫೋಲ್ಡರ್‌ನಲ್ಲಿಟ್ಟುಕೊಂಡವರಿಗೂ ಇದೇ ತಲೆನೋವು ಇತ್ತು. ಅವು ಇಂಥ ಬಳಕೆಗೇ ಮಾಡಿದವು, ಆದರೂ ಕೇಬಲ್ ಅಲುಗಿದರೆ ರಿಪೇರಿ ಮಾಡುತ್ತ ಕೂರಬೇಕಿತ್ತು.

ಹಾಗಾದರೆ ನಾಲ್ಕು ಕಡೆ ತೂಕ ಬರೆಯುವುದು ಹೇಗೆ? ನಿಮ್ಮಲ್ಲಿ ಪೋಸ್ಟ್‌ಗ್ರೆಸ್ ಆಗಲೇ ಇದೆ. ತೂಕದ ಸಾಫ್ಟ್‌ವೇರ್‌ಗೆ ಅದನ್ನು ಬಳಸಲು ಬರುತ್ತದಾ ಕೇಳಿ. ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗ ನಾಲ್ಕು ಕಂಪ್ಯೂಟರುಗಳೂ ಫೈಲ್ ಮುಟ್ಟುವುದಿಲ್ಲ, ಸರ್ವರ್‌ಗೆ 'ಇದನ್ನು ಬರೆದುಕೋ' ಅಂತ ಹೇಳುತ್ತವೆ ಅಷ್ಟೆ. ಮಧ್ಯದಲ್ಲಿ ಕೇಬಲ್ ಕಿತ್ತರೂ ಆ ಒಂದು ಚೀಟಿ ಸೇರುತ್ತದೆ ಇಲ್ಲವೇ ಸೇರುವುದಿಲ್ಲ, ಅರ್ಧ ಸೇರುವುದಿಲ್ಲ. ಬರುವುದಿಲ್ಲ ಎಂದರೆ ಫೈಲನ್ನು ಒಂದೇ ಪಿಸಿಯೊಳಗೆ ಇಟ್ಟು, ಉಳಿದ ಮೂವರು ರಿಮೋಟ್ ಡೆಸ್ಕ್‌ಟಾಪ್‌ನಿಂದ ಆ ಪಿಸಿಗೆ ಬಂದು ಕೆಲಸ ಮಾಡಲಿ. ಸಾಮಾನ್ಯ ವಿಂಡೋಸ್ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಬಿಡುತ್ತದೆ, ಆದ್ದರಿಂದ ಅದಕ್ಕೆ ಸರ್ವರ್ ಲೈಸೆನ್ಸ್ ಬೇಕಾಗುತ್ತದೆ. ಅಷ್ಟು ಖರ್ಚು ಬೇಡ ಅನ್ನಿಸಿದರೆ ಸುಮ್ನೆ ಒಬ್ಬರೇ ಕೂತು ಎಂಟ್ರಿ ಮಾಡಲಿ. ಸುಗ್ಗಿಯ ದಿನಗಳಲ್ಲಿ ಸಾಲು ಉದ್ದ ಆಗುತ್ತದೆ, ಗೊತ್ತು. ಆದರೂ ಲೆಕ್ಕ ಉಳಿಯುತ್ತದೆ.

ಇನ್ನು ಪೋಸ್ಟ್‌ಗ್ರೆಸ್. ಇದರ ಪರಿಸ್ಥಿತಿ ಬೇರೆ. ಫೈಲುಗಳನ್ನು ಮುಟ್ಟುವವನು ಒಬ್ಬನೇ, ಸರ್ವರ್. ಹಾಗಾಗಿ ನೆಟ್‌ವರ್ಕ್ ಸ್ಟೋರೇಜ್ ಅಂದ ಕೂಡಲೇ ಬೇಡ ಅನ್ನುವಂತಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಒರಾಕಲ್ ಡೇಟಾಬೇಸನ್ನು ಎನ್‌ಎಫ್‌ಎಸ್ (ಲಿನಕ್ಸ್ ಕಡೆ ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ವಿಧಾನ) ಮೇಲೆ ಎಷ್ಟೋ ವರ್ಷದಿಂದ ಓಡಿಸುತ್ತಿವೆ. ಒರಾಕಲ್ 11ಜಿಯಲ್ಲಿ ಅದಕ್ಕೆಂದೇ ತನ್ನದೇ ಎನ್‌ಎಫ್‌ಎಸ್ ಕ್ಲೈಂಟ್ ಸೇರಿಸಿತು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2012ರಿಂದ ಸಿಸ್ಟಮ್ ಡೇಟಾಬೇಸನ್ನೂ ಎಸ್‌ಎಂಬಿ ಶೇರ್ (ಅಂದರೆ ವಿಂಡೋಸ್ ಶೇರ್) ಮೇಲೆ ಇಡಲು ಬಿಡುತ್ತದೆ. ಆದರೆ ಅವರ ಸ್ಟೋರೇಜ್‌ನಲ್ಲಿ ಬರೆದದ್ದನ್ನು ಕರೆಂಟು ಹೋದರೂ ಕಾಯುವ, ಬ್ಯಾಟರಿ ಬೆಂಬಲದ ಮೆಮೊರಿ ಇರುತ್ತದೆ. ಎರಡೆರಡು ದಾರಿಯ ನೆಟ್‌ವರ್ಕ್ ಇರುತ್ತದೆ. ಅದನ್ನು ನೋಡಿಕೊಳ್ಳಲು ಜನ ಇರುತ್ತಾರೆ. ಎನ್‌ಎಫ್‌ಎಸ್ ಅನ್ನೋ ಹೆಸರು ಒಂದೇ, ಕೆಳಗಿನ ಪೆಟ್ಟಿಗೆ ಬೇರೆ.

ಪೋಸ್ಟ್‌ಗ್ರೆಸ್ ಒಂದು ಟ್ರಾನ್ಸಾಕ್ಷನ್ ಮುಗಿಸುವಾಗ ಮೊದಲು ತನ್ನ ಲಾಗ್‌ಗೆ ಬರೆಯುತ್ತದೆ. ಆಮೇಲೆ ಆಪರೇಟಿಂಗ್ ಸಿಸ್ಟಮ್‌ಗೆ 'ಎಫ್‌ಸಿಂಕ್' ಕೇಳುತ್ತದೆ. ಅಂದರೆ, ಇದು ನಿಜವಾಗಿ ಡಿಸ್ಕಿಗೆ ಇಳಿಯಿತಾ ಅಂತ. ಹೂಂ ಅಂತ ಉತ್ತರ ಬಂದ ಮೇಲೆ ಮಾತ್ರ ನಿಮ್ಮ ಪರದೆಗೆ 'ಕಮಿಟ್ ಆಯಿತು' ಅನ್ನುತ್ತದೆ. ಇಡೀ ಡೇಟಾಬೇಸಿನ ನಂಬಿಕೆ ನಿಂತಿರುವುದು ಆ 'ಹೂಂ' ಮೇಲೆ. ಒಳಗಿನ ಡಿಸ್ಕ್ ಆದರೆ ಈ ಮಾತು ನಡೆಯುವುದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮತ್ತು ಡಿಸ್ಕಿನ ನಡುವೆ. ನ್ಯಾಸ್ ಆದರೆ ಪಿಸಿಯ ಕರ್ನಲ್, ಕೇಬಲ್, ಸ್ವಿಚ್, ನ್ಯಾಸ್‌ನ ರ‍್ಯಾಮ್, ಅದರ ಫೈಲ್ ಸಿಸ್ಟಮ್, ಅದರ ಡಿಸ್ಕಿನ ಕ್ಯಾಶ್, ಇಷ್ಟು ಕಡೆ ದಾಟಬೇಕು. ಇವುಗಳಲ್ಲಿ ಯಾವುದಾದರೂ ಒಂದು ಅವಸರಕ್ಕೆ ಸುಳ್ಳೇ ಹೂಂ ಅಂದರೆ? ಗುಮಾಸ್ತರು ಖಾತೆ ಪುಸ್ತಕಕ್ಕೆ ಹತ್ತಿಸದೆ ಅಂಗೈ ಮೇಲೆ ಬರೆದುಕೊಂಡು 'ಜಮಾ ಆಯ್ತು' ಅಂದ ಹಾಗೆ. ಕರೆಂಟು ಇರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಈ ಸುಳ್ಳು ಹೂಂ ಬರುವುದು ಹೆಚ್ಚಾಗಿ ಒಂದು ಸೆಟ್ಟಿಂಗ್‌ನಿಂದ. ಎನ್‌ಎಫ್‌ಎಸ್ ಸರ್ವರ್‌ನಲ್ಲಿ ಫೋಲ್ಡರ್ ಹಂಚುವಾಗ 'ಸಿಂಕ್' ಮತ್ತು 'ಎಸಿಂಕ್' ಅಂತ ಎರಡು ಆಯ್ಕೆ ಇದೆ. ಸಿಂಕ್ ಇದ್ದರೆ ಡಿಸ್ಕಿಗೆ ಇಳಿದ ಮೇಲೆ ಉತ್ತರ. ಎಸಿಂಕ್ ಇದ್ದರೆ ರ‍್ಯಾಮ್‌ಗೆ ಬಂದ ಕೂಡಲೇ ಉತ್ತರ, ಪಿಸಿ ಎಫ್‌ಸಿಂಕ್ ಕೇಳಿದರೂ ಸಹ. ಇದು ಎನ್‌ಎಫ್‌ಎಸ್‌ನ ಸ್ವಂತ ನಿಯಮಕ್ಕೇ ವಿರುದ್ಧ, ಆದರೂ ಜಾಸ್ತಿ ವೇಗ ತೋರಿಸಲು ಇಟ್ಟಿದ್ದಾರೆ. ಲಿನಕ್ಸ್‌ನಲ್ಲಿ ಸುಮ್ಮನೆ ಬಿಟ್ಟರೆ ಸಿಂಕ್ ಇರುತ್ತದೆ. ಮನೆ ಬಳಕೆಯ ನ್ಯಾಸ್ ಪೆಟ್ಟಿಗೆಗಳ ಮೆನುವಿನಲ್ಲಿ ಎಸಿಂಕ್‌ಗೆ ಟಿಕ್ ಹಾಕಿಯೇ ಇರಬಹುದು, ಒಳಗೆ ಹೋಗಿ ನೋಡಿ. ಎಸ್‌ಎಂಬಿ ಶೇರ್ ಆದರೆ ಆ ಶೇರ್ ಕೊಡುವ ಸಾಂಬಾ ಸಾಫ್ಟ್‌ವೇರ್‌ನ 'ಸ್ಟ್ರಿಕ್ಟ್ ಸಿಂಕ್' ಅನ್ನುವ ಸೆಟ್ಟಿಂಗ್ ನೋಡಬೇಕು. ಅದು ತಾನಾಗಿಯೇ ಆನ್ ಇರುವುದು 2017ರ 4.7 ಆವೃತ್ತಿಯಿಂದ. ಪೆಟ್ಟಿಗೆಯ ಸಾಫ್ಟ್‌ವೇರ್ ಅದಕ್ಕಿಂತ ಹಳೆಯದಾದರೆ ಆಫ್ ಇರುತ್ತದೆ.

ಸೆಟ್ಟಿಂಗ್ ನೋಡಿ ನಂಬುವುದಕ್ಕಿಂತ ಅಳೆದು ನೋಡುವುದು ಮೇಲು. ಪೋಸ್ಟ್‌ಗ್ರೆಸ್ ಜೊತೆಗೇ 'ಪಿಜಿ ಟೆಸ್ಟ್ ಎಫ್‌ಸಿಂಕ್' ಅನ್ನುವ ಸಣ್ಣ ಪ್ರೋಗ್ರಾಮ್ ಬರುತ್ತದೆ. ಅದಕ್ಕೆ ನ್ಯಾಸ್ ಮೇಲಿನ ಒಂದು ಫೈಲ್ ತೋರಿಸಿ ಓಡಿಸಿ. ಸೆಕೆಂಡಿಗೆ ಎಷ್ಟು ಎಫ್‌ಸಿಂಕ್ ಆಗುತ್ತದೆ ಅಂತ ಹೇಳುತ್ತದೆ. ಈಗ ಸ್ವಲ್ಪ ಲೆಕ್ಕ ಹಾಕಿ. ನಿಮ್ಮ ನ್ಯಾಸ್‌ನಲ್ಲಿರುವುದು 7200 ಆರ್‌ಪಿಎಂ ಡಿಸ್ಕ್ ಅಂದುಕೊಳ್ಳೋಣ. ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120 ಸುತ್ತು. ಒಂದೇ ಜಾಗಕ್ಕೆ ಮತ್ತೆ ಬರೆಯಲು ತಟ್ಟೆ ಒಂದು ಸುತ್ತು ಬರಲೇಬೇಕು. ಹಾಗಾಗಿ ನಿಜವಾಗಿ ಡಿಸ್ಕಿಗೆ ಬರೆಯುತ್ತಿದ್ದರೆ 120ರ ಆಸುಪಾಸು, ನೆಟ್‌ವರ್ಕ್ ಓಡಾಟ ಸೇರಿ ಇನ್ನೂ ಕಡಿಮೆ ಬರಬೇಕು. ಅದು 3000 ಅಂತ ತೋರಿಸಿದರೆ ಖುಷಿಪಡಬೇಡಿ. ತಿರುಗುವ ಡಿಸ್ಕಿನ ಕೈಯಲ್ಲಿ ಅಷ್ಟು ಆಗುವುದಿಲ್ಲ. ಮಧ್ಯದಲ್ಲಿ ಯಾರೋ ರ‍್ಯಾಮ್‌ನಲ್ಲಿ ಇಟ್ಟುಕೊಂಡು ಹೂಂ ಅನ್ನುತ್ತಿದ್ದಾರೆ ಅಂತ ಅರ್ಥ. ಎಸ್‌ಎಸ್‌ಡಿ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಕೇಳಬೇಕಾದ್ದು ಕರೆಂಟು ಹೋದಾಗ ಕಾಯುವ ಕೆಪಾಸಿಟರ್ ಇದೆಯಾ ಅಂತ. ಅಂಗಡಿಯಲ್ಲಿ ಸಿಗುವ ಅಗ್ಗದ ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಎರಡನೇ ವಿಚಾರ, ನೆಟ್‌ವರ್ಕ್ ಕಡಿದಾಗ ಏನಾಗಬೇಕು ಅನ್ನುವುದು. ಎನ್‌ಎಫ್‌ಎಸ್ ಮೌಂಟ್ ಮಾಡುವಾಗ, ಅಂದರೆ ನ್ಯಾಸ್‌ನ ಫೋಲ್ಡರನ್ನು ಪಿಸಿಗೆ ಜೋಡಿಸಿಕೊಳ್ಳುವಾಗ, 'ಹಾರ್ಡ್' ಅಥವಾ 'ಸಾಫ್ಟ್' ಅಂತ ಹೇಳಬಹುದು. ಹಾರ್ಡ್ ಇದ್ದರೆ ನ್ಯಾಸ್ ಉತ್ತರ ಕೊಡುವವರೆಗೂ ಪಿಸಿ ಕೇಳುತ್ತಲೇ ಇರುತ್ತದೆ, ಡೇಟಾಬೇಸ್ ಹ್ಯಾಂಗ್ ಆಗಿ ನಿಲ್ಲುತ್ತದೆ. ಸಾಫ್ಟ್ ಇದ್ದರೆ ಸ್ವಲ್ಪ ಹೊತ್ತು ಕೇಳಿ, ಆಗಲಿಲ್ಲ ಅಂತ ಎರರ್ ಕೊಟ್ಟುಬಿಡುತ್ತದೆ. ಹ್ಯಾಂಗ್ ಆಗುವುದು ಬೇಡ ಅಂತ ಎಷ್ಟೋ ಜನ ಸಾಫ್ಟ್ ಹಾಕುತ್ತಾರೆ. ಡೇಟಾಬೇಸ್ ಇರುವ ಕಡೆ ಅದು ಬೇಡವೇ ಬೇಡ. ಪೋಸ್ಟ್‌ಗ್ರೆಸ್‌ನ ಕೈಪಿಡಿ ಎನ್‌ಎಫ್‌ಎಸ್ ಬಗ್ಗೆ ಕಡ್ಡಾಯ ಅಂತ ಹೇಳುವುದು ಇದೊಂದನ್ನೇ, ಹಾರ್ಡ್ ಇರಲೇಬೇಕು ಅಂತ.

ಬರೆಯುವಾಗ ಬಂದ ಎರರ್ ಎಷ್ಟು ಕೆಟ್ಟದ್ದು ಅನ್ನುವುದು 2018ರಲ್ಲಿ ಎಲ್ಲರಿಗೂ ಗೊತ್ತಾಯಿತು. ಎಫ್‌ಸಿಂಕ್ ಒಮ್ಮೆ ಸೋತರೆ ಲಿನಕ್ಸ್ ಆ ಪುಟಗಳನ್ನು (ಡೇಟಾದ ತುಂಡುಗಳನ್ನು) 'ಬರೆದಾಯಿತು' ಅನ್ನುವ ಗುಂಪಿಗೆ ಸೇರಿಸಿಬಿಡುತ್ತಿತ್ತು. ಪೋಸ್ಟ್‌ಗ್ರೆಸ್ ಇನ್ನೊಮ್ಮೆ ಕೇಳಿದಾಗ ಎಲ್ಲ ಸರಿ ಇದೆ ಅಂತ ಉತ್ತರ ಬರುತ್ತಿತ್ತು. ಡೇಟಾ ಮಾತ್ರ ಹೋಗಿರುತ್ತಿತ್ತು. ಅದಕ್ಕೇ 2019ರ ಫೆಬ್ರವರಿಯಲ್ಲಿ ಬಂದ 11.2ರಿಂದ, ಮತ್ತು ಆಗಿನ ಹಳೇ ಆವೃತ್ತಿಗಳಿಗೆ ಬಂದ ತಿದ್ದುಪಡಿಗಳಿಂದ, ಎಫ್‌ಸಿಂಕ್ ಸೋತರೆ ಪೋಸ್ಟ್‌ಗ್ರೆಸ್ ಅಲ್ಲೇ ಕೆಲಸ ನಿಲ್ಲಿಸಿ ಲಾಗ್‌ನಿಂದ ಮತ್ತೆ ಕಟ್ಟಿಕೊಳ್ಳುತ್ತದೆ. ನಿಮ್ಮದು ಹಳೇ ಪಿಸಿ ಅಂದಿರಿ. ಯಾವ ಆವೃತ್ತಿ ಇದೆ ಅಂತ ಒಮ್ಮೆ ನೋಡಿ.

ಇಲ್ಲಿ ನಮ್ಮ ಕಡೆಯ ಒಂದು ವಿಷಯ. ಪಿಸಿಗೆ ಯುಪಿಎಸ್ ಇರುತ್ತದೆ, ನ್ಯಾಸ್‌ಗೂ ಇರುತ್ತದೆ. ನಡುವಿನ ಐದು ಪೋರ್ಟಿನ ಸ್ವಿಚ್ ಮಾತ್ರ ಟೇಬಲ್ ಕೆಳಗೆ, ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚಿರುತ್ತದೆ. ಶಿರಸಿಯ ಜೂನ್, ಜುಲೈನಲ್ಲಿ ಮರದ ಟೊಂಗೆ ತಂತಿಗೆ ತಾಗಿ ಕರೆಂಟು ಎಷ್ಟು ಸಲ ಮಿಣುಕುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಪ್ರತಿ ಸಲವೂ ಎರಡೂ ಪೆಟ್ಟಿಗೆ ಎದ್ದೇ ಇರುತ್ತವೆ, ಮಧ್ಯದ ದಾರಿ ಮಾತ್ರ ಸಾಯುತ್ತದೆ. ಯುಪಿಎಸ್ ದೀಪ ಹಸಿರು ಇರುವುದರಿಂದ ಯಾರಿಗೂ ಸ್ವಿಚ್ ಮೇಲೆ ಅನುಮಾನ ಬರುವುದಿಲ್ಲ. ಮೊದಲು ಅದನ್ನು ಯುಪಿಎಸ್‌ಗೆ ಹಾಕಿ.

ಯುಪಿಎಸ್‌ನ ಯುಎಸ್‌ಬಿ ಕೇಬಲ್ ಕೂಡ ಡಬ್ಬಿಯಲ್ಲೇ ಉಳಿದಿರುತ್ತದೆ. ಅದನ್ನು ನ್ಯಾಸ್‌ಗೆ ಹಾಕಿದರೆ ಬ್ಯಾಟರಿ ಮುಗಿಯುವ ಮುಂಚೆ ತಾನಾಗಿ ಆಫ್ ಆಗುವಂತೆ ಮಾಡಬಹುದು, ಪಿಸಿಗೂ ಸುದ್ದಿ ಕಳಿಸಬಹುದು. ಪಿಸಿ ಮೊದಲು ಮಲಗಬೇಕು, ನ್ಯಾಸ್ ಆಮೇಲೆ. ಏಳುವಾಗ ಉಲ್ಟಾ, ನ್ಯಾಸ್ ಮೊದಲು.

ಈ ಏಳುವ ಹೊತ್ತಿನಲ್ಲಿ ಒಂದು ಗುಂಡಿ ಇದೆ. ಕರೆಂಟು ಬಂತು, ಪಿಸಿ ಒಂದು ನಿಮಿಷದಲ್ಲಿ ಎದ್ದಿತು, ನ್ಯಾಸ್ ಇನ್ನೂ ಡಿಸ್ಕ್ ತಿರುಗಿಸುತ್ತ ಕೂತಿದೆ. ಮೌಂಟ್ ಆಗಲಿಲ್ಲ. ಡೇಟಾ ಇರಬೇಕಾದ ಜಾಗದಲ್ಲಿ ಪಿಸಿಯದ್ದೇ ಖಾಲಿ ಫೋಲ್ಡರ್ ಕಾಣುತ್ತದೆ. ಡಾಕರ್ ಇಮೇಜ್ (ಮೊದಲೇ ಸಿದ್ಧಮಾಡಿಟ್ಟ ಸಾಫ್ಟ್‌ವೇರ್ ಕಟ್ಟು) ಆಗಲಿ, ಯಾರೋ ಬರೆದಿಟ್ಟ ಸ್ಕ್ರಿಪ್ಟ್ ಆಗಲಿ, 'ಓಹೋ ಡೇಟಾಬೇಸೇ ಇಲ್ಲ' ಅಂತ ಅಲ್ಲೇ ಹೊಸದೊಂದನ್ನು ಹುಟ್ಟಿಸುತ್ತದೆ. ಬೆಳಿಗ್ಗೆ ಬಂದವರಿಗೆ ಒಬ್ಬ ಸದಸ್ಯನ ಹೆಸರೂ ಇಲ್ಲದ ಖಾತೆ! ಕೆಲವೊಮ್ಮೆ ಅದರ ಮೇಲೇ ನ್ಯಾಸ್ ಬಂದು ಮೌಂಟ್ ಆಗುತ್ತದೆ, ಆಮೇಲಿನದ್ದು ಕೇಳುವುದೇ ಬೇಡ. ಇದನ್ನು ತಪ್ಪಿಸಲು ಎರಡು ಕೆಲಸ ಮಾಡಿ. ಮೌಂಟ್ ಆಗುವ ಫೋಲ್ಡರನ್ನೇ ಡೇಟಾ ಫೋಲ್ಡರ್ ಮಾಡಬೇಡಿ, ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿ ಅಲ್ಲಿಡಿ. ಮೌಂಟ್ ಆಗದಿದ್ದರೆ ಒಳಗಿನ ಫೋಲ್ಡರ್ ಸಿಗುವುದಿಲ್ಲ, ಪೋಸ್ಟ್‌ಗ್ರೆಸ್ ಏಳುವುದಿಲ್ಲ. ಹೊರಗಿನ ಖಾಲಿ ಫೋಲ್ಡರ್ ರೂಟ್ (ಲಿನಕ್ಸ್‌ನ ಮುಖ್ಯ ಬಳಕೆದಾರ) ಹೆಸರಿನಲ್ಲಿರಲಿ, ಪೋಸ್ಟ್‌ಗ್ರೆಸ್ ಬಳಕೆದಾರನಿಗೆ ಅಲ್ಲಿ ಬರೆಯಲು ಆಗಬಾರದು. ಜೊತೆಗೆ ಉಬುಂಟುವಿನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಪೋಸ್ಟ್‌ಗ್ರೆಸ್ ಸರ್ವಿಸ್‌ಗೆ 'ರಿಕ್ವೈರ್ಸ್ ಮೌಂಟ್ಸ್ ಫಾರ್' ಅನ್ನುವ ಸಾಲು ಸೇರಿಸಿ.

ಈಗ ನಿಮ್ಮ ಎರಡನೇ ಪಿಸಿ ಯೋಚನೆಗೆ ಬರೋಣ. ನನಗೆ ಜಾಸ್ತಿ ಹೆದರಿಕೆ ಆದದ್ದು ಇದನ್ನು ಓದಿ. ಒಂದು ಪಿಸಿ ಕೆಟ್ಟರೆ ಇನ್ನೊಂದರಿಂದ ಅದೇ ಫೋಲ್ಡರ್ ತೆರೆಯುವುದು. ಕೇಳಲು ಚೆನ್ನಾಗಿದೆ ಅಲ್ವಾ? ಪೋಸ್ಟ್‌ಗ್ರೆಸ್ ತಾನು ಓಡುತ್ತಿರುವ ಗುರುತಿಗೆ ಡೇಟಾ ಫೋಲ್ಡರ್‌ನಲ್ಲಿ 'ಪೋಸ್ಟ್‌ಮಾಸ್ಟರ್ ಪಿಐಡಿ' ಅನ್ನುವ ಸಣ್ಣ ಫೈಲ್ ಇಡುತ್ತದೆ. ಅದರಲ್ಲಿ ತನ್ನ ಪ್ರೊಸೆಸ್ ನಂಬರ್ ಇರುತ್ತದೆ. ಇನ್ನೊಂದು ಪೋಸ್ಟ್‌ಗ್ರೆಸ್ ಅದೇ ಫೋಲ್ಡರ್‌ನಲ್ಲಿ ಏಳಲು ಬಂದರೆ ಈ ನಂಬರ್ ನೋಡಿ, ಇಂಥ ಪ್ರೊಸೆಸ್ ಜೀವಂತ ಇದೆಯಾ ಅಂತ ಹುಡುಕುತ್ತದೆ. ಹುಡುಕುವುದು ತಾನಿರುವ ಕಂಪ್ಯೂಟರಿನಲ್ಲಿ ಮಾತ್ರ! ಪಕ್ಕದ ಪಿಸಿಯಲ್ಲಿ ಏನು ಓಡುತ್ತಿದೆ ಅಂತ ಅದಕ್ಕೆ ಕಾಣುವುದಿಲ್ಲ. ಯಾರೂ ಇಲ್ಲ, ಹಿಂದಿನವನು ಕರೆಂಟು ಹೋಗಿ ಸತ್ತಿರಬೇಕು ಅಂದುಕೊಂಡು ಶುರು ಮಾಡುತ್ತದೆ.

ಮೊದಲ ಪಿಸಿ ನಿಜವಾಗಿ ಸತ್ತಿದ್ದರೆ ತೊಂದರೆ ಇಲ್ಲ. ಆದರೆ ಬರೀ ಮಾನಿಟರ್ ಹೋಗಿದ್ದರೆ? ಅದರ ಕೇಬಲ್ ಸಡಿಲವಾಗಿ ಹ್ಯಾಂಗ್ ಆದ ಹಾಗೆ ಕಂಡಿದ್ದರೆ? ಕೇಬಲ್ ಮತ್ತೆ ಕೂತ ಕ್ಷಣ, ಹಾರ್ಡ್ ಮೌಂಟ್ ಆದ್ದರಿಂದ, ಅದು ಕಟ್ಟಿಟ್ಟುಕೊಂಡಿದ್ದ ಹಳೇ ಪುಟಗಳನ್ನೆಲ್ಲ ನ್ಯಾಸ್‌ಗೆ ಸುರಿಯುತ್ತದೆ. ಅತ್ತ ಎರಡನೆಯದು ಅದೇ ಫೈಲುಗಳಿಗೆ ಹೊಸದು ಬರೆದಿರುತ್ತದೆ. ರೇಡ್ 1 ಈ ಕಲಬೆರಕೆಯನ್ನು ಎರಡೂ ಡಿಸ್ಕಿಗೆ ಶ್ರದ್ಧೆಯಿಂದ ನಕಲು ಮಾಡುತ್ತದೆ. ಹಾಗಾಗಿ ಇದನ್ನು ಮಾಡಲೇಬೇಕಾದ ಸಂದರ್ಭ ಬಂದರೆ ಮೊದಲ ಪಿಸಿಯ ಪವರ್ ಕಾರ್ಡನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡ ಮೇಲೇ ಎರಡನೆಯದನ್ನು ಆನ್ ಮಾಡಿ.

ಪಿಸಿ ಕೆಟ್ಟರೂ ಕೆಲಸ ನಿಲ್ಲಬಾರದು ಅನ್ನುವುದಕ್ಕೆ ಸರಿಯಾದ ದಾರಿ ಪೋಸ್ಟ್‌ಗ್ರೆಸ್‌ನಲ್ಲೇ ಇದೆ. 2010ರ 9.0 ಆವೃತ್ತಿಯಿಂದ ಸ್ಟ್ರೀಮಿಂಗ್ ರೆಪ್ಲಿಕೇಶನ್ ಸಿಗುತ್ತದೆ. ಎರಡನೇ ಪಿಸಿಯಲ್ಲಿ, ಅದರದ್ದೇ ಡಿಸ್ಕಿನಲ್ಲಿ, ಇನ್ನೊಂದು ಪೋಸ್ಟ್‌ಗ್ರೆಸ್. ಮೊದಲನೆಯದರಲ್ಲಿ ಬರೆದ ಲಾಗ್ ಆಗಿಂದಾಗಲೇ ಎರಡನೆಯದಕ್ಕೆ ಹರಿಯುತ್ತದೆ. ಮೊದಲನೆಯದು ಹೋದರೆ ಎರಡನೆಯದನ್ನು 'ಪ್ರಮೋಟ್' ಮಾಡುತ್ತೀರಿ. ಕಾರ್ಡ್ ಕೀಳುವ ನಿಯಮ ಇಲ್ಲೂ ಇದೆ, ಆದರೆ ಮರೆತರೂ ಎರಡು ಬೇರೆ ಬೇರೆ ಪೂರ್ತಿ ಡೇಟಾಬೇಸ್ ಸಿಗುತ್ತವೆ, ಒಂದು ಹಾಳಾದ ಡೇಟಾಬೇಸ್ ಸಿಗುವುದಿಲ್ಲ. ನೀವು ಹೇಗೂ ಎರಡನೇ ಪಿಸಿ ಇಡಲು ತಯಾರಿದ್ದೀರಿ. ಖರ್ಚು ಅಷ್ಟೇ.

ಐಸ್ಕಸಿ ಬಗ್ಗೆ ಯಾರಾದರೂ ಹೇಳಿರಬಹುದು. ಅದರಲ್ಲಿ ನ್ಯಾಸ್‌ನ ಒಂದು ಭಾಗ ಪಿಸಿಗೆ ತನ್ನದೇ ಡಿಸ್ಕ್ ಅಂತ ಕಾಣುತ್ತದೆ. ಫೈಲ್ ಬೀಗದ ಗೊಂದಲ ಇಲ್ಲ. ಎಫ್‌ಸಿಂಕ್, ಸ್ವಿಚ್, ಕರೆಂಟು ಎಲ್ಲ ಹಾಗೇ ಉಳಿಯುತ್ತದೆ. ಎರಡು ಪಿಸಿಯಿಂದ ಒಂದೇ ಸಲ ಮೌಂಟ್ ಮಾಡಿದರೆ ಡೇಟಾಬೇಸ್ ಜೊತೆಗೆ ಫೈಲ್ ಸಿಸ್ಟಮ್ಮೂ ಹೋಗುತ್ತದೆ.

ನ್ಯಾಸ್ ಮೇಲೇ ಇಡುತ್ತೇವೆ ಅಂತ ಆಡಳಿತ ಮಂಡಳಿ ಹಟ ಹಿಡಿದರೆ, ಎನ್‌ಎಫ್‌ಎಸ್ 4 ಬಳಸಿ, ಹಾರ್ಡ್ ಮೌಂಟ್, ಸರ್ವರ್ ಕಡೆ ಸಿಂಕ್, ವೈಫೈ ಖಂಡಿತ ಬೇಡ. ಪಿಸಿಯಿಂದ ನ್ಯಾಸ್‌ಗೆ ಸಾಧ್ಯವಾದರೆ ನೇರ ಕೇಬಲ್. ಇನ್ನೊಂದು ಸಣ್ಣ ವಿಷಯ ನೆನಪಿಟ್ಟುಕೊಳ್ಳಿ. ಎನ್‌ಎಫ್‌ಎಸ್ 4 ಸರ್ವರ್ ಸತ್ತು ಎದ್ದ ಮೇಲೆ, ಹಿಂದೆ ಬೀಗ ಹಿಡಿದಿದ್ದವರು ಬಂದು ಹೇಳಿಕೊಳ್ಳಲಿ ಅಂತ ಸ್ವಲ್ಪ ಹೊತ್ತು ಕಾಯುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 90 ಸೆಕೆಂಡ್. ಆ ಒಂದೂವರೆ ನಿಮಿಷ ಎಲ್ಲ ಹೆಪ್ಪುಗಟ್ಟಿದ ಹಾಗೆ ಕಾಣುತ್ತದೆ. ಕೌಂಟರ್ ಮುಂದೆ ಜನ ನಿಂತಿರುತ್ತಾರೆ, ಕೈ ಸುಮ್ಮನಿರುವುದಿಲ್ಲ. ಆದರೂ ರೀಸ್ಟಾರ್ಟ್ ಒತ್ತಬೇಡಿ, ಒತ್ತಿದರೆ 90 ಸೆಕೆಂಡ್ ಮತ್ತೆ ಮೊದಲಿನಿಂದ ಶುರು.

ಕೇಬಲ್ ಬಗ್ಗೆಯೂ ಎರಡು ಮಾತು. ತೂಕದ ಕಟ್ಟೆ ಒಂದು ಕಟ್ಟಡ, ಆಫೀಸು ಇನ್ನೊಂದು ಕಟ್ಟಡ ಆಗಿದ್ದು ನಡುವೆ ತಾಮ್ರದ ಲ್ಯಾನ್ ಕೇಬಲ್ ಹೊರಗಿನಿಂದ ಎಳೆದಿದ್ದರೆ ಅದನ್ನು ಫೈಬರ್‌ಗೆ ಬದಲಿಸಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿದರೆ ಸಾಕು. ಮಳೆಗಾಲದ ಮುಂಚಿನ ಗುಡುಗು ಸಿಡಿಲಿಗೆ ತಾಮ್ರದ ತಂತಿ ಸ್ವಿಚ್, ಪಿಸಿ, ನ್ಯಾಸ್ ಎಲ್ಲವನ್ನೂ ಒಂದೇ ಹೊಡೆತಕ್ಕೆ ಒಯ್ಯಬಹುದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆ ಶಾಖೆ ಇರುವವರಿಗೆ ತೊಂದರೆ ಬೇರೆ. ಉಪ್ಪುಗಾಳಿಗೆ ಕೇಬಲ್ ತುದಿಯ ಪಿನ್ನುಗಳು ಕಪ್ಪಾಗುತ್ತವೆ. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಉಳಿದೆರಡು ಜೋಡಿಯ ಒಂದು ಪಿನ್ ಕೆಟ್ಟರೆ ನೆಟ್‌ವರ್ಕ್ ನಿಲ್ಲದೆ, ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಯಾಕೋ ಸ್ಲೋ ಆಗಿದೆ ಅಂತ ಅನ್ನಿಸಿದರೆ 'ಇಥ್‌ಟೂಲ್' ಓಡಿಸಿ ವೇಗ ಎಷ್ಟಿದೆ ನೋಡಿ.

ಬ್ಯಾಕಪ್‌ಗೆ ಬರೋಣ. ನ್ಯಾಸ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ರೇಡ್ 1 ಒಂದು ಡಿಸ್ಕ್ ಸತ್ತಾಗ ಕಾಯುತ್ತದೆ. ಯಾರೋ ತಪ್ಪು ಟೇಬಲ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅಳಿಯುತ್ತದೆ. ಪ್ರತಿ ರಾತ್ರಿ 'ಪಿಜಿ ಡಂಪ್' ತೆಗೆದು ನ್ಯಾಸ್‌ಗೆ ಹಾಕಿ, ದಿನಾಂಕ ಹಾಕಿದ ಹೆಸರಿನಲ್ಲಿ. ಪಿಜಿ ಡಂಪ್‌ನಲ್ಲಿ ಬಳಕೆದಾರರು ಮತ್ತು ಪಾಸ್‌ವರ್ಡ್ ಬರುವುದಿಲ್ಲ, ಅದಕ್ಕೆ 'ಪಿಜಿ ಡಂಪ್ ಆಲ್' ಅನ್ನು ಗ್ಲೋಬಲ್ಸ್ ಮಾತ್ರ ಅಂತ ಹೇಳಿ ಬೇರೆ ಓಡಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ, ಮರುಸ್ಥಾಪನೆ ಮಾಡುವ ದಿನ ಪರದಾಡುತ್ತಾರೆ. ಡೇಟಾಬೇಸ್ ಓಡುತ್ತಿರುವಾಗ ಅದರ ಫೋಲ್ಡರನ್ನು ಕಾಪಿ ಪೇಸ್ಟ್ ಮಾಡಿದರೆ ಬ್ಯಾಕಪ್ ಆಗುವುದಿಲ್ಲ. ಒಂದು ಫೈಲ್ ಹತ್ತು ಗಂಟೆಯದ್ದು, ಇನ್ನೊಂದು ಹತ್ತೂ ಐದರದ್ದು ಆಗುತ್ತದೆ. ಎಸ್‌ಕ್ಯೂಲೈಟ್ ಫೈಲಿಗೂ ಅದರದ್ದೇ 'ಬ್ಯಾಕಪ್' ಆದೇಶ ಇದೆ, ಅದನ್ನೇ ಬಳಸಿ. ಇಷ್ಟಾದ ಮೇಲೆ ಒಂದು ಪ್ರತಿ ಆಫೀಸಿನ ಹೊರಗೆ ಇರಲಿ. ಎನ್‌ಕ್ರಿಪ್ಟ್ ಮಾಡಿದ ಯುಎಸ್‌ಬಿ ಡಿಸ್ಕ್ ವಾರಕ್ಕೊಮ್ಮೆ ಇನ್ನೊಂದು ಊರಿನ ಶಾಖೆಗೆ ಹೋಗಲಿ. ತಿಂಗಳಿಗೊಮ್ಮೆ ಆ ಡಂಪನ್ನು ಬೇರೆ ಪಿಸಿಯಲ್ಲಿ ತೆರೆದು ಸದಸ್ಯರ ಸಂಖ್ಯೆ, ಬಾಕಿ ಮೊತ್ತ ತಾಳೆ ನೋಡಿ.

ನಾನು ಹೇಳಿದ್ದನ್ನೂ ಪೆಟ್ಟಿಗೆ ಮಾರಿದವರು ಹೇಳಿದ್ದನ್ನೂ ನಂಬದೆ ನೀವೇ ಪರೀಕ್ಷೆ ಮಾಡಬಹುದು. ಸುಗ್ಗಿ ಶುರುವಾಗುವ ಮುಂಚೆ ಒಂದು ಭಾನುವಾರ ಹುಡುಕಿ. ನಿಜವಾದ ಡೇಟಾವನ್ನು ಬೇರೆ ಕಡೆ ಭದ್ರ ಮಾಡಿ. ನ್ಯಾಸ್ ಮೇಲೆ ಖಾಲಿ ಡೇಟಾಬೇಸ್ ಒಂದನ್ನು ಎಬ್ಬಿಸಿ. ಒಂದು ಲ್ಯಾಪ್‌ಟಾಪ್‌ನಿಂದ ಸಣ್ಣ ಸ್ಕ್ರಿಪ್ಟ್ ಓಡಿಸಿ. 1, 2, 3 ಅಂತ ಒಂದೊಂದೇ ಸಂಖ್ಯೆ ಟೇಬಲ್‌ಗೆ ಹಾಕಬೇಕು, ಪ್ರತಿ ಸಲ ಕಮಿಟ್ ಆದ ಮೇಲೆ ಆ ಸಂಖ್ಯೆಯನ್ನು ಲ್ಯಾಪ್‌ಟಾಪ್ ಪರದೆ ಮೇಲೆ ಬರೆಯಬೇಕು. ಸ್ವಲ್ಪ ಹೊತ್ತು ಓಡಲು ಬಿಡಿ. ಆಮೇಲೆ ಪಿಸಿ ಮತ್ತು ನ್ಯಾಸ್ ಎರಡರ ಕಾರ್ಡನ್ನೂ ಯುಪಿಎಸ್‌ನಿಂದ ಒಟ್ಟಿಗೆ ಕೀಳಿ. ನ್ಯಾಸ್ ಒಂದನ್ನೇ ಕಿತ್ತರೆ ಪಿಸಿಯ ಮೆಮೊರಿಯಲ್ಲಿ ಎಲ್ಲ ಉಳಿದಿರುತ್ತದೆ, ಸುಳ್ಳು ಹೊರಗೆ ಬರುವುದಿಲ್ಲ. ಎರಡನ್ನೂ ಮತ್ತೆ ಎಬ್ಬಿಸಿ, ಟೇಬಲ್‌ನ ಕೊನೆಯ ಸಂಖ್ಯೆ ಕೇಳಿ. ಪರದೆಯಲ್ಲಿ 4812 ಇದ್ದು ಟೇಬಲ್‌ನಲ್ಲೂ 4812 ಅಥವಾ 4813 ಇದ್ದರೆ ಸರಿ. ಆ ಒಂದು ಜಾಸ್ತಿ ಸಂಖ್ಯೆ, ಕಮಿಟ್ ಆಗಿ ಸುದ್ದಿ ಲ್ಯಾಪ್‌ಟಾಪ್‌ಗೆ ಮುಟ್ಟುವ ಮುಂಚೆ ಕರೆಂಟು ಹೋದದ್ದು. ಕೆಲವು ಸಲ ಮಾಡಿ, ಒಂದೇ ಸಲಕ್ಕೆ ನಂಬಬೇಡಿ. ಯಾವುದಾದರೂ ಒಂದು ಸಲ ಟೇಬಲ್‌ನಲ್ಲಿ 4790 ಅಂತ ಬಂತೋ, ಆ ಪೆಟ್ಟಿಗೆ ಕಮಿಟ್ ಆದ 22 ಚೀಟಿ ನುಂಗಿದೆ. ಎಸಿಂಕ್ ತೆಗೆದು, ಡಿಸ್ಕಿನ ರೈಟ್ ಕ್ಯಾಶ್ ಆಫ್ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಕಡಿಮೆ ಬಂದರೆ ಅದಕ್ಕೆ ರಾತ್ರಿಯ ಡಂಪ್ ಮಾತ್ರ ಕೊಡಿ.